ಕೇಳುವ ಕಿವಿ, ಒಪ್ಪಿದ ಮನಸ್ಸು: ದೇವರ ಮಾತಿಗೆ ಕಿವಿಗೊಟ್ಟು ಆತನ ಸೇವೆಗೆ ಮುಂದಾಗುವ ಬಗೆ

ಕನ್ನಡದ ‘ಕೇಳು’ ಎಂಬ ಒಂದೇ ಕ್ರಿಯಾಪದವು ಮೂರು ಅರ್ಥಗಳನ್ನು ಹೊತ್ತುಕೊಂಡಿದೆ. ಬೇಕಾದದ್ದನ್ನು ಬೇಡುವುದೂ ಕೇಳುವುದೇ, ಇನ್ನೊಬ್ಬರ ದನಿಗೆ ಕಿವಿಗೊಡುವುದೂ ಕೇಳುವುದೇ, ಹೇಳಿದಂತೆ ನಡೆದುಕೊಳ್ಳುವುದೂ ಕೇಳುವುದೇ. ‘ಮಗ ನನ್ನ ಮಾತು ಕೇಳುವುದಿಲ್ಲ’ ಎಂದು ತಾಯಿಯೊಬ್ಬಳು ನೊಂದು ನುಡಿದಾಗ ಅವಳು ದೂರುತ್ತಿರುವುದು ಮಗನ ನಡತೆಯನ್ನು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿಯೂ ‘ಶಮಾ’ ಎಂಬ ಪದಕ್ಕೆ ಆಲಿಸುವುದು, ವಿಧೇಯನಾಗುವುದು ಎಂಬ ಎರಡು ಅರ್ಥಗಳೂ ಕೂಡಿಕೊಂಡಿವೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ಇಸ್ರಾಯೇಲರಿಗೆ ‘ಕೇಳಿರಿ’ ಎಂದು ಕೊಟ್ಟ ಆಜ್ಞೆಯು ಆ ಪದದಿಂದಲೇ ಆರಂಭವಾಗುತ್ತದೆ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ವಿಧೇಯತೆಯನ್ನು ಸೂಚಿಸುವ ಪದವೂ ಆಲಿಸುವುದೆಂಬ ಅರ್ಥದ ಪದದಿಂದಲೇ ಹುಟ್ಟಿದೆ.

ನಮ್ಮಲ್ಲಿ ಅನೇಕರ ಪ್ರಾರ್ಥನಾ ಜೀವನವು ಈ ಮೂರರಲ್ಲಿ ಮೊದಲನೆಯದರಲ್ಲೇ ನಿಂತುಹೋಗಿದೆ. ನಾವು ದೇವರನ್ನು ಬಹಳವಾಗಿ ಕೇಳುತ್ತೇವೆ, ದೇವರಿಂದ ಸ್ವಲ್ಪವೇ ಕೇಳಿಸಿಕೊಳ್ಳುತ್ತೇವೆ, ಕೇಳಿಸಿಕೊಂಡದ್ದರಲ್ಲಿಯೂ ನಮಗೆ ಹಿಡಿಸಿದಷ್ಟನ್ನೇ ನಡೆಸುತ್ತೇವೆ. ‘ದೇವರು ನನ್ನೊಡನೆ ಮಾತನಾಡುವುದಿಲ್ಲ’ ಎಂಬ ಕೊರಗು ವಿಶ್ವಾಸಿಗಳ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಆ ಕೊರಗನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರ ನೋವು ನಿಜವಾದದ್ದು. ಆದರೆ ಕರ್ತನಾದ ಯೇಸು ಯೋಹಾನನ ಸುವಾರ್ತೆಯ ಏಳನೆಯ ಅಧ್ಯಾಯದ 17ನೆಯ ವಚನದಲ್ಲಿ ತಿಳಿಸಿರುವ ಕ್ರಮವನ್ನು ಗಮನಿಸಬೇಕು: ದೇವರ ಚಿತ್ತದಂತೆ ನಡೆಯಲು ಮನಸ್ಸುಳ್ಳವನಿಗೆ ಆ ಬೋಧನೆ ದೇವರಿಂದ ಬಂದದ್ದೋ ಅಲ್ಲವೋ ಎಂಬುದು ತಿಳಿಯುವುದು. ಮನಸ್ಸು ಮೊದಲು, ತಿಳಿವಳಿಕೆ ಅನಂತರ. ಈ ಲೇಖನದ ಹೆಜ್ಜೆಗಳೆಲ್ಲವೂ ಆ ಕ್ರಮವನ್ನೇ ಅನುಸರಿಸುತ್ತವೆ.

ಮೊದಲನೆಯ ಹೆಜ್ಜೆ: ಪ್ರಶ್ನೆಗೆ ಮುಂಚೆ ಒಪ್ಪಿಗೆ

ಯೆರೆಮೀಯನ ಗ್ರಂಥದ 42ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಯೆರೂಸಲೇಮು ಬಾಬೆಲಿನವರ ಕೈಗೆ ಸಿಕ್ಕಿ ನಾಶವಾಗಿದೆ, ಅಧಿಪತಿಯಾದ ಗೆದಲ್ಯನು ಕೊಲೆಯಾಗಿದ್ದಾನೆ, ಉಳಿದ ಜನರು ಭಯಗೊಂಡಿದ್ದಾರೆ. ಅವರು ಪ್ರವಾದಿಯ ಬಳಿಗೆ ಬಂದು, ನಾವು ಎಲ್ಲಿಗೆ ಹೋಗಬೇಕೆಂಬುದನ್ನು ದೇವರಲ್ಲಿ ವಿಚಾರಿಸು, ಉತ್ತರವು ನಮಗೆ ಹಿತವಾಗಿರಲಿ ಅಹಿತವಾಗಿರಲಿ ನಾವು ಅದನ್ನು ಕೈಕೊಳ್ಳುತ್ತೇವೆ ಎಂದು ಮಾತು ಕೊಡುತ್ತಾರೆ. ಹತ್ತು ದಿನಗಳಾದ ಮೇಲೆ ಉತ್ತರ ಬರುತ್ತದೆ: ಈ ದೇಶದಲ್ಲಿಯೇ ಉಳಿಯಿರಿ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಡಿರಿ. ಕೂಡಲೇ ಅವರು, ನೀನು ಸುಳ್ಳಾಡುತ್ತೀ ಎಂದು ಪ್ರವಾದಿಯ ಮೇಲೆಯೇ ತಪ್ಪು ಹೊರಿಸಿ ಐಗುಪ್ತಕ್ಕೆ ಹೊರಟುಬಿಡುತ್ತಾರೆ. ಇದಕ್ಕೆ ಕಾರಣವು ಹಿಂದಿನ ಅಧ್ಯಾಯದ ಕೊನೆಯಲ್ಲಿಯೇ ಇದೆ. ಪ್ರಶ್ನೆ ಕೇಳುವುದಕ್ಕೆ ಮುಂಚೆಯೇ ಅವರು ಐಗುಪ್ತಕ್ಕೆ ಹೋಗಬೇಕೆಂದು ಹೊರಟು ಬೇತ್ಲೆಹೇಮಿನ ಬಳಿಯಲ್ಲಿ ತಂಗಿದ್ದರು. ಗಂಟುಮೂಟೆ ಕಟ್ಟಿಯಾದ ಮೇಲೆ ದಾರಿ ಕೇಳಿದವರು ಅವರು.

ನಾನೂ ಹೀಗೆ ಪ್ರಾರ್ಥಿಸಿದ್ದೇನೆ. ತೀರ್ಮಾನವನ್ನು ಒಳಗೇ ಮಾಡಿಕೊಂಡು, ಅದಕ್ಕೆ ದೇವರ ಮುದ್ರೆ ಬೀಳಲಿ ಎಂದು ವಾರಗಟ್ಟಲೆ ಮೊಣಕಾಲೂರಿ, ಕಡೆಗೆ ‘ಉತ್ತರ ಬರಲಿಲ್ಲ’ ಎಂದು ಬೇಸರಪಟ್ಟಿದ್ದೇನೆ. ಉತ್ತರಕ್ಕೆ ಒಳಗೆ ಬರಲು ನಾನೇ ಬಾಗಿಲು ತೆರೆದಿರಲಿಲ್ಲ ಎಂಬುದು ಬಹಳ ತಡವಾಗಿ ಅರ್ಥವಾಯಿತು.

ಆದುದರಿಂದ ಯಾವುದೇ ದೊಡ್ಡ ವಿಷಯವನ್ನು ದೇವರ ಮುಂದಿಡುವಾಗ ಒಂದು ಹಾಳೆಯನ್ನು ತೆಗೆದುಕೊಂಡು, ‘ಈ ವಿಷಯದಲ್ಲಿ ದೇವರು ಏನು ಹೇಳಿಬಿಡುವನೋ ಎಂದು ನಾನು ಹೆದರುತ್ತಿದ್ದೇನೆ?’ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವನ್ನು ಬರೆಯಿರಿ. ಇರುವಲ್ಲಿಯೇ ಉಳಿಯಬೇಕೆಂದು ಹೇಳುವನೋ, ಹೊರಡಬೇಕೆಂದು ಹೇಳುವನೋ, ಮುನಿಸಿಕೊಂಡಿರುವ ಅಣ್ಣನ ಮನೆಗೆ ಹೋಗಿ ಕ್ಷಮೆ ಕೇಳಬೇಕೆಂದು ಹೇಳುವನೋ, ಅದನ್ನೇ ಬರೆಯಿರಿ. ಬಳಿಕ ಆ ಹಾಳೆಯನ್ನು ಮುಂದಿಟ್ಟುಕೊಂಡು, ಇದೇ ನಿನ್ನ ಚಿತ್ತವಾಗಿದ್ದರೆ ಅದಕ್ಕೂ ನನ್ನ ಮನಸ್ಸನ್ನು ಒಪ್ಪಿಸು ಎಂದು ಪ್ರಾರ್ಥಿಸಿರಿ. ಬಾಯಿ ಹಾಗೆನ್ನುವಾಗ ಮನಸ್ಸು ಹಿಂಜರಿದರೆ ಗಾಬರಿಯಾಗಬೇಡಿರಿ. ‘ನನಗೆ ಒಪ್ಪಿಗೆಯಿಲ್ಲ, ಆದರೆ ಒಪ್ಪುವ ಮನಸ್ಸನ್ನು ಕೊಡು’ ಎಂಬುದೂ ದೇವರು ತಳ್ಳಿಹಾಕದ ಪ್ರಾರ್ಥನೆಯೇ. ಗೆತ್ಸೇಮನೆಯ ತೋಟದಲ್ಲಿ ಕರ್ತನೇ ಒಂದೇ ಪ್ರಾರ್ಥನೆಯನ್ನು ಮೂರು ಸಾರಿ ಮಾಡಿದನೆಂದು ಮತ್ತಾಯನು ಬರೆದಿದ್ದಾನೆ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1836ರಿಂದ ಅನಾಥ ಮಕ್ಕಳ ಆಶ್ರಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಅವರು ದೈವಚಿತ್ತವನ್ನು ಹುಡುಕುವಾಗ ಮಾಡುತ್ತಿದ್ದ ಮೊದಲ ಕೆಲಸವೂ ಇದೇ ಆಗಿತ್ತು: ಆ ವಿಷಯದಲ್ಲಿ ತನ್ನ ಸ್ವಂತ ಇಷ್ಟವೆಂಬುದು ಉಳಿಯದ ಸ್ಥಿತಿಗೆ ಹೃದಯವನ್ನು ತರುವುದು. ತೊಡಕಿನ ಬಹುಭಾಗವು ಅಲ್ಲಿಯೇ ಬಗೆಹರಿಯುತ್ತದೆಂಬುದು ಅವರ ಅನುಭವವಾಗಿತ್ತು. ಈ ಹೆಜ್ಜೆಗೆ ದಿನಗಳು ಹಿಡಿದರೆ ಹಿಡಿಯಲಿ. ಇದನ್ನು ದಾಟಿಹೋದವರಿಗೆ ಮುಂದಿನ ಹೆಜ್ಜೆಗಳಿಂದ ಹೆಚ್ಚಿನ ಪ್ರಯೋಜನವಾಗದು.

ಎರಡನೆಯ ಹೆಜ್ಜೆ: ಬರೆದಿಟ್ಟ ಮಾತಿನಿಂದ ದನಿಯ ಗುರುತು

ಬಾಲಕನಾದ ಸಮುವೇಲನನ್ನು ದೇವರು ಹೆಸರು ಹಿಡಿದು ಕರೆದಾಗ ಅವನು ಮೂರು ಸಾರಿಯೂ ತನ್ನನ್ನು ಸಾಕುತ್ತಿದ್ದ ಯಾಜಕನಾದ ಏಲಿಯ ಬಳಿಗೆ ಓಡಿದನು. ದನಿ ಸ್ಪಷ್ಟವಾಗಿಯೇ ಕೇಳಿಸಿತ್ತು. ಅದು ಯಾರದೆಂಬ ಗುರುತು ಮಾತ್ರ ಅವನಿಗೆ ಇರಲಿಲ್ಲ. ಯೆಹೋವನ ವಾಕ್ಯವು ಅವನಿಗೆ ಇನ್ನೂ ಪ್ರಕಟವಾಗಿರಲಿಲ್ಲ ಎಂದು ಸತ್ಯವೇದವೇ ಅದರ ಕಾರಣವನ್ನು ತಿಳಿಸುತ್ತದೆ. ನಮ್ಮ ಸ್ಥಿತಿ ಸಮುವೇಲನದಕ್ಕಿಂತ ಉತ್ತಮವಾಗಿದೆ, ಏಕೆಂದರೆ ದೇವರ ಮಾತಿನ ಧಾಟಿ ಹೇಗಿರುತ್ತದೆಂಬುದನ್ನು ತಿಳಿಯಲು ಇಡೀ ಗ್ರಂಥವೇ ನಮ್ಮ ಕೈಯಲ್ಲಿದೆ. ಪ್ರತಿದಿನ ಮಾತನಾಡುವ ಗೆಳೆಯನ ದನಿಯನ್ನು ಜನಸಂದಣಿಯಲ್ಲಿಯೂ ಗುರುತಿಸುತ್ತೇವೆ. ವರ್ಷಕ್ಕೊಮ್ಮೆ ಮಾತನಾಡುವವನ ದನಿಯನ್ನು ಫೋನಿನಲ್ಲಿಯೂ ಗುರುತಿಸಲಾರೆವು.

ದಿನದಲ್ಲಿ ಒಂದು ಹೊತ್ತನ್ನೂ ಒಂದು ಜಾಗವನ್ನೂ ಗೊತ್ತುಮಾಡಿಕೊಳ್ಳಿರಿ. ಆರಂಭದಲ್ಲಿ 15 ನಿಮಿಷ ಸಾಕು. ಒಂದು ಗಂಟೆಯ ಹರಕೆ ಹೊತ್ತು ನಾಲ್ಕನೆಯ ದಿನಕ್ಕೆ ಬಿಟ್ಟುಬಿಡುವುದಕ್ಕಿಂತ ಇದು ಮೇಲು. ಎಲ್ಲಿಂದ ಓದಬೇಕೆಂಬ ಗೊಂದಲವಿದ್ದರೆ ಮಾರ್ಕನ ಸುವಾರ್ತೆಯಿಂದ ಆರಂಭಿಸಿರಿ. ಅದರಲ್ಲಿ 16 ಅಧ್ಯಾಯಗಳಿವೆ, ದಿನಕ್ಕೆ ಅರ್ಧ ಅಧ್ಯಾಯದಂತೆ ಒಂದು ತಿಂಗಳಿಗೆ ಮುಗಿಯುತ್ತದೆ. ಕಣ್ಣು ಮುಚ್ಚಿ ಪುಟ ತೆರೆದು, ಬೆರಳು ಬಿದ್ದ ವಚನವನ್ನೇ ಆ ದಿನದ ಅಪ್ಪಣೆಯೆಂದು ತೆಗೆದುಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿರಿ. ದೇವರು ಕರುಣೆಯಿಂದ ಅಂಥದನ್ನೂ ಬಳಸಬಲ್ಲನು, ಆದರೆ ಅದು ವಾಕ್ಯವನ್ನು ಶಕುನದಂತೆ ಕಾಣುವ ರೀತಿ.

ಓದುವ ಕ್ರಮಕ್ಕೆ ಹಳೆಯ ದಾರಿಯೊಂದಿದೆ. 12ನೆಯ ಶತಮಾನದಲ್ಲಿ ಕಾರ್ಥೂಸಿಯನ್ ಮಠದ ಸನ್ಯಾಸಿಯಾಗಿದ್ದ ಎರಡನೆಯ ಗೀಗೊ ಅದನ್ನು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದರು: ಓದು, ಮನನ, ಪ್ರಾರ್ಥನೆ, ಮೌನವಾದ ಧ್ಯಾನ. ಮೊದಲು ಭಾಗವನ್ನು ಎರಡು ಸಾರಿ ಓದಿರಿ, ಎರಡನೆಯ ಸಾರಿ ಮೆಲುದನಿಯಲ್ಲಿ. ಅನಂತರ ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಮಾತನ್ನು ಮನಸ್ಸಿನಲ್ಲಿ ಮೆಲುಕು ಹಾಕಿರಿ. ಆ ಮಾತಿನ ಕುರಿತೇ ದೇವರೊಡನೆ ಮಾತನಾಡಿರಿ. ಕಡೆಗೆ ಏನನ್ನೂ ಹೇಳದೆ ಆತನ ಸನ್ನಿಧಿಯಲ್ಲಿ ಕುಳಿತಿರಿ. ಏಳುವ ಮುಂಚೆ ಟಿಪ್ಪಣಿ ಪುಸ್ತಕದಲ್ಲಿ ಎರಡು ಸಾಲು ಬರೆಯುವುದು ಒಳ್ಳೆಯದು: ಇಂದು ಏನು ಕೇಳಿದೆ, ಅದರಂತೆ ಇಂದು ಏನು ಮಾಡಬೇಕು. ಎರಡನೆಯ ಸಾಲು ಖಾಲಿ ಉಳಿಯುವ ದಿನಗಳೂ ಇರುತ್ತವೆ. ಆದರೆ ತಿಂಗಳುಗಟ್ಟಲೆ ಖಾಲಿಯಾಗಿಯೇ ಉಳಿದರೆ, ಕನ್ನಡಿಯಲ್ಲಿ ಮುಖ ನೋಡಿಕೊಂಡು ಹೋಗಿ ತಾನು ಹೇಗಿದ್ದೆನೆಂಬುದನ್ನು ಮರೆತುಬಿಡುವ ಮನುಷ್ಯನ ಕುರಿತು ಯಾಕೋಬನು ತನ್ನ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಬರೆದದ್ದನ್ನು ನೆನೆಯಬೇಕು.

ಮೂರನೆಯ ಹೆಜ್ಜೆ: ದಣಿವನ್ನು ತಿಳಿದುಕೊಂಡು ಮೌನಕ್ಕೆ ಬರುವುದು

ಹೋರೇಬ್ ಬೆಟ್ಟದಲ್ಲಿ ಎಲೀಯನು ಬಿರುಗಾಳಿ, ಭೂಕಂಪ, ಬೆಂಕಿಗಳ ಅನಂತರ ಮಂದವಾದ ದನಿಯನ್ನು ಕೇಳಿದ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ಭಾಗವನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಸಾವನ್ನು ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದ ಆ ಪ್ರವಾದಿಗೆ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ಎರಡು ಸಾರಿ ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು, ನಡುವೆ ನಿದ್ರಿಸಲು ಬಿಟ್ಟನು. ನಿದ್ದೆಗೆಟ್ಟು ಬಳಲಿದ ದೇಹದಲ್ಲಿ ಮನಸ್ಸಿಗೆ ತನ್ನ ಭಯದ ಸದ್ದೇ ದೇವರ ಸದ್ದಿನಂತೆ ಕೇಳಿಸುತ್ತದೆ. ಆದುದರಿಂದ ಕೆಲವು ಸಲ ಆ ದಿನದ ಅತ್ಯಂತ ಆತ್ಮಿಕವಾದ ಕೆಲಸವೆಂದರೆ ಬೇಗ ಮಲಗುವುದು. ದುಃಖವೂ ನಿರಾಶೆಯೂ ತಿಂಗಳುಗಟ್ಟಲೆ ಬಿಡದೆ ಕಾಡುತ್ತಿದ್ದರೆ ವೈದ್ಯರನ್ನು ಕಾಣಬೇಕು. ಅದು ನಂಬಿಕೆಯ ಕೊರತೆಯಲ್ಲ.

ಮೌನಕ್ಕೆ ಕುಳಿತಾಗ ಫೋನನ್ನು ಬೇರೆ ಕೋಣೆಯಲ್ಲಿಡಿರಿ. ಮಾಡಬೇಕಾದ ಕೆಲಸಗಳು ನೆನಪಿಗೆ ಬಂದರೆ ಅವುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಮತ್ತೆ ವಾಕ್ಯದ ಕಡೆಗೆ ತಿರುಗಿರಿ. ಏನೂ ಕೇಳಿಸದಿದ್ದರೂ ಆ ಹೊತ್ತು ವ್ಯರ್ಥವಲ್ಲ.

ನಾಲ್ಕನೆಯ ಹೆಜ್ಜೆ: ಕೇಳಿಸಿದ್ದನ್ನೆಲ್ಲ ಪರೀಕ್ಷಿಸುವುದು

ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ‘ದೇವರು ನನಗೆ ಹೇಳಿದನು’ ಎಂಬ ಮಾತಿನಿಂದ ಗುಣವಾದವರನ್ನೂ ನೋಡಿದ್ದೇನೆ, ಗಾಯಗೊಂಡವರನ್ನೂ ನೋಡಿದ್ದೇನೆ. ಪವಿತ್ರಾತ್ಮನನ್ನು ನಂದಿಸಬೇಡಿರಿ ಎಂದು ಬರೆದ ಪೌಲನೇ ಅದರ ಬೆನ್ನಿಗೆ ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿರಿ ಎಂದೂ ಥೆಸಲೋನಿಕದವರಿಗೆ ಬರೆದನು. ಪರೀಕ್ಷಿಸುವುದು ಅಪನಂಬಿಕೆಯ ಲಕ್ಷಣವೆಂದು ಯಾರಾದರೂ ನಿಮ್ಮನ್ನು ಹೆದರಿಸಿದರೆ ಆ ಎರಡು ಮಾತುಗಳನ್ನೂ ಒಟ್ಟಿಗೆ ತೋರಿಸಿರಿ.

ಮನಸ್ಸಿಗೆ ಬಂದ ಪ್ರೇರಣೆಯು ಸತ್ಯವೇದದ ಸ್ಪಷ್ಟವಾದ ಬೋಧನೆಗೆ ವಿರುದ್ಧವಾಗಿದ್ದರೆ ವಿಚಾರ ಅಲ್ಲಿಗೇ ಮುಗಿಯಿತು. ಸುಳ್ಳು ಹೇಳಿಸುವ, ಸಾಲ ತೀರಿಸದಂತೆ ಮಾಡುವ, ಹೆಂಡತಿ ಮಕ್ಕಳನ್ನು ಕೈಬಿಡಿಸುವ ‘ಕರೆ’ ದೇವರದಲ್ಲ. ವಿರುದ್ಧವಾಗಿರದಿದ್ದರೆ ಅದರ ಸ್ವಭಾವವನ್ನು ನೋಡಬೇಕು. ಮೇಲಿನಿಂದ ಬರುವ ಜ್ಞಾನವು ಮೊದಲು ಪರಿಶುದ್ಧವಾದದ್ದು, ಆಮೇಲೆ ಸಮಾಧಾನಕರವಾದದ್ದು, ಸೌಮ್ಯವಾದದ್ದು, ಇತರರ ಮಾತಿಗೆ ಮಣಿಯುವಂಥದ್ದು, ಕರುಣೆಯಿಂದ ತುಂಬಿದ್ದು ಎಂಬ ಅರ್ಥದಲ್ಲಿ ಯಾಕೋಬನು ಮೂರನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ‘ಮಣಿಯುವಂಥದ್ದು’ ಎಂಬ ಗುಣವೇ ಬಹಳ ಸಲ ಗುಟ್ಟನ್ನು ಹೊರಗೆಡಹುತ್ತದೆ. ಯಾರೂ ಪ್ರಶ್ನಿಸಬಾರದು, ಈಗಲೇ ಆಗಬೇಕು, ಯಾರಿಗೂ ಹೇಳಬಾರದು ಎಂದು ಅವಸರಪಡಿಸುವ ಪ್ರೇರಣೆಯ ಬಗ್ಗೆ ಎಚ್ಚರವಾಗಿರಿ. ನನ್ನನ್ನು ಹಿಗ್ಗಿಸುವ, ಇತರರನ್ನು ಕುಗ್ಗಿಸುವ ಸಂದೇಶವನ್ನು ಇಮ್ಮಡಿ ಪರೀಕ್ಷಿಸಬೇಕು.

ಮೂರನೆಯದಾಗಿ, ಒಬ್ಬರೇ ತೀರ್ಮಾನಿಸಬೇಡಿರಿ. ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಪೌಲನ ಪ್ರಯಾಣವನ್ನು ನೋಡಿ. ಆಸ್ಯ ಸೀಮೆಯಲ್ಲಿ ವಾಕ್ಯ ಸಾರದಂತೆ ಪವಿತ್ರಾತ್ಮನು ತಡೆದನು. ಬಿಥೂನ್ಯಕ್ಕೆ ಹೋಗಲು ಯತ್ನಿಸಿದಾಗ ಆ ಬಾಗಿಲೂ ಮುಚ್ಚಿತು. ತ್ರೋವ ಪಟ್ಟಣದಲ್ಲಿ ರಾತ್ರಿಯ ಹೊತ್ತು ಮಕೆದೋನ್ಯದ ಮನುಷ್ಯನೊಬ್ಬನು ದರ್ಶನದಲ್ಲಿ ಕರೆದನು. ದರ್ಶನ ಕಂಡವನು ಪೌಲನೊಬ್ಬನೇ. ಆದರೆ ಸುವಾರ್ತೆ ಸಾರಲು ದೇವರು ನಮ್ಮನ್ನು ಅಲ್ಲಿಗೆ ಕರೆದಿದ್ದಾನೆಂದು ತಿಳಿದುಕೊಂಡೆವು ಎಂದು ಲೂಕನು ಬಹುವಚನದಲ್ಲಿ ಬರೆದಿದ್ದಾನೆ. ಒಬ್ಬನಿಗೆ ಕಂಡದ್ದನ್ನು ಜೊತೆಗಾರರೂ ಸೇರಿ ಗ್ರಹಿಸಿದರು. ಬಾರ್ನಬನನ್ನೂ ಪೌಲನೆನಿಸಿಕೊಂಡ ಸೌಲನನ್ನೂ ಸೇವೆಗಾಗಿ ಪ್ರತ್ಯೇಕಿಸಬೇಕೆಂಬ ಮಾತು ಬಂದದ್ದೂ ಅಂತಿಯೋಕ್ಯದ ಸಭೆಯವರು ಕೂಡಿ ಆರಾಧಿಸುತ್ತಾ ಉಪವಾಸದಲ್ಲಿದ್ದಾಗಲೇ. ನಿಮ್ಮನ್ನು ಚೆನ್ನಾಗಿ ಬಲ್ಲ, ನಿಮಗೆ ‘ಬೇಡ’ ಎಂದು ಹೇಳುವ ಧೈರ್ಯವಿರುವ ಇಬ್ಬರು ಮೂವರನ್ನು ಆರಿಸಿಕೊಳ್ಳಿರಿ. ಸಭಾಪಾಲಕರೊಬ್ಬರು, ಹಿರಿಯ ವಿಶ್ವಾಸಿಯೊಬ್ಬರು, ಮದುವೆಯಾಗಿದ್ದರೆ ಖಂಡಿತವಾಗಿ ನಿಮ್ಮ ಸಂಗಾತಿ. ‘ದೇವರು ಹೀಗೆ ಹೇಳಿದನು’ ಎಂದು ಆರಂಭಿಸಿದರೆ ಅವರ ಬಾಯಿ ಕಟ್ಟಿಹೋಗುತ್ತದೆ. ‘ದೇವರು ಹೀಗೆ ನಡೆಸುತ್ತಿರಬಹುದೆಂದು ತೋರುತ್ತಿದೆ, ನಿಮಗೆ ಏನನ್ನಿಸುತ್ತದೆ?’ ಎಂದು ಕೇಳಿದರೆ ಅವರ ಮೂಲಕವೂ ದೇವರು ಮಾತನಾಡಲು ಎಡೆಯಿರುತ್ತದೆ.

ಇನ್ನೊಬ್ಬರ ಮದುವೆ, ಹಣ, ಔಷಧಿಗಳ ವಿಷಯದಲ್ಲಿ ದೇವರ ಹೆಸರಿನಲ್ಲಿ ಅಪ್ಪಣೆ ಕೊಡುವವರಿಂದ ದೂರವಿರಿ, ನೀವೂ ಹಾಗೆ ಮಾಡಬೇಡಿರಿ. ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಲು ದೇವರು ಹೇಳಿದ್ದಾನೆ ಎನ್ನುವವರ ಮಾತಿಗೆ ಕಿವಿಗೊಡಬೇಡಿರಿ.

ಕಾಲವೂ ಒಂದು ಪರೀಕ್ಷೆಯೇ. ಅರಸನ ಪಾನಸೇವಕನಾಗಿದ್ದ ನೆಹೆಮೀಯನು ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿಯನ್ನು ಕಿಸ್ಲೇವ್ ತಿಂಗಳಲ್ಲಿ ಕೇಳಿದನು, ಅರಸನ ಮುಂದೆ ಬಾಯಿ ತೆರೆದದ್ದು ನೀಸಾನ್ ತಿಂಗಳಲ್ಲಿ. ಸುಮಾರು ನಾಲ್ಕು ತಿಂಗಳು ಅವನು ಅತ್ತು, ಉಪವಾಸವಿದ್ದು, ಪ್ರಾರ್ಥಿಸಿದನು. ಯೆರೂಸಲೇಮಿಗೆ ಬಂದ ಮೇಲೂ ಯಾರಿಗೂ ಹೇಳದೆ ರಾತ್ರಿಯಲ್ಲಿ ಗೋಡೆಯನ್ನು ಪರೀಕ್ಷಿಸಿದನು. ಕಟ್ಟುವ ಕೆಲಸ ಮುಗಿದದ್ದು 52 ದಿನಗಳಲ್ಲಿ. ಕಾದ ಕಾಲವು ಕಟ್ಟಿದ ಕಾಲಕ್ಕಿಂತ ಹೆಚ್ಚು. ಇದಕ್ಕೆ ಹೊಂದುವ ಇನ್ನೊಂದು ಬುದ್ಧಿಮಾತು 16ನೆಯ ಶತಮಾನದಲ್ಲಿ ಯೇಸುಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲ ಅವರದು: ಮನಸ್ಸು ಕತ್ತಲೆಯಲ್ಲಿ ಕುಗ್ಗಿರುವಾಗ ಹಿಂದೆ ಬೆಳಕಿನಲ್ಲಿ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಸಭೆಯ ಕೆಲಸವನ್ನು ಸಿಟ್ಟಿನಲ್ಲಿ ಬಿಟ್ಟುಹೋಗಬೇಕೆನಿಸಿದ ಪ್ರತಿಯೊಬ್ಬರಿಗೂ ಇದನ್ನು ಹೇಳಬೇಕೆನಿಸುತ್ತದೆ.

ಎಲ್ಲ ಪರೀಕ್ಷೆಗಳಾದ ಮೇಲೂ ನೂರಕ್ಕೆ ನೂರು ಖಚಿತತೆ ಸಿಗದೆ ಹೋಗಬಹುದು. ಹಿಂದಿರುಗಬಹುದಾದ ಹೆಜ್ಜೆಯಾದರೆ ಇಟ್ಟು ನೋಡಿರಿ. ಹಿಂದಿರುಗಲಾಗದ ಹೆಜ್ಜೆಯಾದರೆ ಇನ್ನೂ ಸ್ವಲ್ಪ ಕಾಯಿರಿ.

ಐದನೆಯ ಹೆಜ್ಜೆ: ಕೈಯಲ್ಲಿರುವುದರಿಂದಲೇ ಆರಂಭಿಸುವುದು

ಇಸ್ರಾಯೇಲರನ್ನು ಐಗುಪ್ತದಿಂದ ಬಿಡಿಸಿ ತರಲು ಹೋಗೆಂದು ದೇವರು ಹೇಳಿದಾಗ ಮೋಶೆಯು ಉರಿಯುವ ಪೊದೆಯ ಮುಂದೆ ನಿಂತು ಐದು ಬಗೆಯಲ್ಲಿ ಹಿಂಜರಿದನು. ನಾನು ಎಷ್ಟರವನು ಎಂದನು, ನಿನ್ನ ಹೆಸರನ್ನು ಕೇಳಿದರೆ ಏನು ಹೇಳಲಿ ಎಂದನು, ಅವರು ನನ್ನನ್ನು ನಂಬುವುದಿಲ್ಲ ಎಂದನು, ನನಗೆ ಮಾತು ಬಾರದು ಎಂದನು, ಕಡೆಗೆ ನೆಪವೆಲ್ಲ ಮುಗಿದು ಬೇರೆ ಯಾರನ್ನಾದರೂ ಕಳುಹಿಸು ಎಂದನು. ಮೊದಲಿನ ನಾಲ್ಕಕ್ಕೂ ದೇವರು ತಾಳ್ಮೆಯಿಂದ ಉತ್ತರಿಸಿದನು, ಐದನೆಯದಕ್ಕೆ ಕೋಪಗೊಂಡನು. ಅನರ್ಹತೆಯ ಅರಿವು ದೇವರನ್ನು ಕೆರಳಿಸುವುದಿಲ್ಲ, ಮನಸ್ಸಿಲ್ಲದಿರುವುದು ಕೆರಳಿಸುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಈ ಸಂವಾದದ ನಡುವೆ ದೇವರು ಕೇಳಿದ ಪ್ರಶ್ನೆ ಬಹಳ ಸರಳವಾದದ್ದು: ನಿನ್ನ ಕೈಯಲ್ಲಿರುವುದೇನು? ಕುರಿ ಕಾಯುವ ಕೋಲು.

ನೀವೂ ಆ ಪ್ರಶ್ನೆಗೆ ಉತ್ತರ ಬರೆಯಿರಿ. ನಿಮಗೆ ಏನು ಬರುತ್ತದೆ, ನಿಮ್ಮ ಬಳಿ ಏನಿದೆ, ವಾರದಲ್ಲಿ ಎಷ್ಟು ಹೊತ್ತು ನಿಜವಾಗಿ ಬಿಡುವಿದೆ? ಲೆಕ್ಕ ಬರೆಯಬಲ್ಲವರು ಸಭೆಯ ಲೆಕ್ಕವನ್ನು ಚೊಕ್ಕವಾಗಿಡಬಹುದು. ವಾಹನ ಓಡಿಸಬಲ್ಲವರು ನಡೆಯಲಾರದ ವೃದ್ಧರನ್ನು ಆರಾಧನೆಗೆ ಕರೆತರಬಹುದು. ಹಾಸಿಗೆ ಹಿಡಿದವರು ಹೆಸರುಗಳ ಪಟ್ಟಿಯನ್ನಿಟ್ಟುಕೊಂಡು ಪ್ರತಿಯೊಬ್ಬರಿಗಾಗಿಯೂ ಪ್ರಾರ್ಥಿಸಬಹುದು. ಅದು ಕಡಿಮೆಯ ಸೇವೆಯೆಂದು ಎಣಿಸುವವರು ಒಂದು ವಾರ ಮಾಡಿ ನೋಡಲಿ. ಯೊಪ್ಪದ ದೊರ್ಕಳು ಬೋಧಿಸಿದಳೆಂದು ಎಲ್ಲಿಯೂ ಬರೆದಿಲ್ಲ, ಆದರೆ ಅವಳು ಸತ್ತಾಗ ವಿಧವೆಯರು ಅವಳು ಹೊಲಿದುಕೊಟ್ಟ ಅಂಗಿಗಳನ್ನು ಪೇತ್ರನಿಗೆ ತೋರಿಸಿ ಅತ್ತರು. ಯೆರೂಸಲೇಮಿನ ಸಭೆಯಲ್ಲಿ ಊಟ ಹಂಚುವ ಕೆಲಸಕ್ಕೆ ಏಳು ಮಂದಿಯನ್ನು ನೇಮಿಸುವಾಗ ಪವಿತ್ರಾತ್ಮಭರಿತರೂ ಜ್ಞಾನಸಂಪನ್ನರೂ ಆಗಿರಬೇಕೆಂದು ಅಪೊಸ್ತಲರು ಹೇಳಿದರು. ಬಡಿಸುವುದಕ್ಕೂ ಪವಿತ್ರಾತ್ಮನು ಬೇಕೆಂಬುದು ಆದಿಸಭೆಯ ತಿಳಿವಳಿಕೆ.

17ನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿದ್ದ ಬ್ರದರ್ ಲಾರೆನ್ಸ್ ಅವರಿಗೆ ಅಡುಗೆಮನೆಯ ಕೆಲಸವು ಸ್ವಭಾವತಃ ಇಷ್ಟವಿರಲಿಲ್ಲ. ವರ್ಷಗಟ್ಟಲೆ ಅದನ್ನೇ ಮಾಡುತ್ತಾ, ದೇವರ ಮೇಲಿನ ಪ್ರೀತಿಗಾಗಿ ಮಾಡುವುದನ್ನು ಅಭ್ಯಾಸಮಾಡಿಕೊಂಡು, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿರುವುದನ್ನು ಕಲಿತರು. ಇಷ್ಟವಾದ ಕೆಲಸವೇ ದೇವರ ಕರೆ ಎಂಬ ಮಾತನ್ನು ಈಚೆಗೆ ಹೆಚ್ಚು ಕೇಳುತ್ತೇವೆ. ಅದು ಅರ್ಧ ಸತ್ಯ. ಶಿಷ್ಯರ ಕಾಲು ತೊಳೆಯಲು ಕರ್ತನು ನಡುವಿಗೆ ವಸ್ತ್ರ ಕಟ್ಟಿಕೊಂಡದ್ದು ಆ ಕೆಲಸ ಆತನ ವರವೆಂಬ ಕಾರಣದಿಂದಲ್ಲ. ಅಲ್ಲಿ ಕಾಲುಗಳಿಗೆ ಧೂಳು ಹತ್ತಿತ್ತು, ಬೇರೆ ಯಾರೂ ಏಳಲಿಲ್ಲ.

ಒಂದೇ ಕೆಲಸವನ್ನು ಆರಿಸಿಕೊಂಡು, ಅದಕ್ಕೊಂದು ಅವಧಿಯನ್ನು ಗೊತ್ತುಮಾಡಿಕೊಳ್ಳಿರಿ. ಮೂರು ತಿಂಗಳು ಎಂದು ಹೇಳಿ ಮೂರು ತಿಂಗಳು ತಪ್ಪದೆ ಮಾಡುವುದು ಒಳ್ಳೆಯದು. ಆ ಕೆಲಸವನ್ನು ಈಗಾಗಲೇ ಮಾಡುತ್ತಿರುವವರ ಕೈಕೆಳಗೆ ಆರಂಭಿಸಿರಿ, ಹೊಸದನ್ನು ಹುಟ್ಟುಹಾಕುವ ಉತ್ಸಾಹವನ್ನು ಸ್ವಲ್ಪ ಕಾಲ ತಡೆಹಿಡಿಯಿರಿ. ಮಕ್ಕಳೊಡನೆ ಮಾಡುವ ಸೇವೆಯಾದರೆ ಸಭೆಯು ಇಟ್ಟಿರುವ ಸುರಕ್ಷತಾ ನಿಯಮಗಳನ್ನು ಅಕ್ಷರಶಃ ಪಾಲಿಸಿರಿ.

ಆರನೆಯ ಹೆಜ್ಜೆ: ಕಷ್ಟದ ಮಾತಿಗೂ ಹೌದೆನ್ನುವುದು

ಸಮುವೇಲನಿಗೆ ಸಿಕ್ಕ ಮೊದಲ ಸಂದೇಶವು ಅವನನ್ನು ಸಾಕಿದ ಏಲಿಯ ಮನೆತನಕ್ಕೆ ವಿರೋಧವಾದ ತೀರ್ಪು. ಅವನು ಬೆಳಗಿನವರೆಗೂ ಮಲಗಿದ್ದು, ಎದ್ದು ದೇವಾಲಯದ ಬಾಗಿಲುಗಳನ್ನು ತೆರೆದನು. ಏಲಿಗೆ ಅದನ್ನು ತಿಳಿಸಲು ಹೆದರಿದನು. ಈ ಚಿಕ್ಕ ವಿವರ ನನಗೆ ಬಹಳ ಪ್ರಿಯವಾದದ್ದು. ದೇವರ ದನಿಯನ್ನು ಕೇಳಿದ ಮರುದಿನವೂ ಅವನು ದಿನದ ಕೆಲಸವನ್ನು ಬಿಡಲಿಲ್ಲ, ಹೆದರಿಕೆಯೂ ಅವನನ್ನು ಬಿಡಲಿಲ್ಲ. ಆದರೂ ಏಲಿಯು ಕೇಳಿದಾಗ ಒಂದನ್ನೂ ಮರೆಮಾಡದೆ ಹೇಳಿದನು.

ದಮಸ್ಕದ ಅನನೀಯನೂ ಹಾಗೆಯೇ. ಸಭೆಯನ್ನು ಹಿಂಸಿಸಲು ಬಂದಿದ್ದ ಸೌಲನ ಬಳಿಗೆ ಹೋಗೆಂದು ಕರ್ತನು ಹೇಳಿದಾಗ ಅವನು ತನ್ನ ಭಯವನ್ನು ಬಿಚ್ಚಿ ಹೇಳಿದನು. ಕರ್ತನು ಗದರಿಸಲಿಲ್ಲ, ‘ಹೋಗು’ ಎಂದು ಮತ್ತೊಮ್ಮೆ ಹೇಳಿದನು. ಅನನೀಯನು ಹೋಗಿ, ಕೈಯಿಟ್ಟು, ‘ಸಹೋದರನೇ’ ಎಂದು ಕರೆದನು. ಭಯವನ್ನು ದೇವರಿಗೆ ಹೇಳಿಕೊಳ್ಳುವುದು ಅವಿಧೇಯತೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕ್ಷಮೆ ಕೇಳಬೇಕಾದ ಮನೆ, ಹಿಂದಿರುಗಿಸಬೇಕಾದ ಹಣ, ತಿದ್ದಬೇಕಾದ ಸುಳ್ಳು, ಇಂಥ ವಿಷಯಗಳಲ್ಲಿ ದೇವರ ಮಾತು ಸ್ಪಷ್ಟವಾಗಿಯೇ ಇರುವುದರಿಂದ ಇನ್ನೂ ‘ದೈವಚಿತ್ತಕ್ಕಾಗಿ ಕಾಯುತ್ತಿದ್ದೇನೆ’ ಎನ್ನುವುದು ಸರಿಯಲ್ಲ. ದಿನಾಂಕವನ್ನು ಗೊತ್ತುಮಾಡಿ, ನಂಬಿಕಸ್ಥರೊಬ್ಬರಿಗೆ ತಿಳಿಸಿ, ಹೋಗಿಬನ್ನಿ. ಹೋಗುವ ಮನೆಯಲ್ಲಿ ಹಿಂಸೆಯ ಅಪಾಯವಿದ್ದರೆ ಮಾತ್ರ ಒಬ್ಬರೇ ಹೋಗಬೇಡಿರಿ. ಕ್ಷಮಿಸುವುದಕ್ಕೂ ಅಪಾಯಕ್ಕೆ ಮತ್ತೆ ತಲೆಕೊಡುವುದಕ್ಕೂ ವ್ಯತ್ಯಾಸವಿದೆ.

ಫಲ ಕಾಣದಿದ್ದರೆ? ಪ್ರವಾದಿಯಾದ ಯೆಶಾಯನು ‘ನಾನಿದ್ದೇನೆ, ನನ್ನನ್ನು ಕಳುಹಿಸು’ ಎಂದ ತಕ್ಷಣ ದೇವರು ತಿಳಿಸಿದ್ದು, ಜನರು ಕೇಳಿಯೂ ಗ್ರಹಿಸುವುದಿಲ್ಲ ಎಂಬುದನ್ನು. ಜನರು ತಿರುಗಿಕೊಳ್ಳುವುದನ್ನೇ ಅಳತೆಯಾಗಿ ಇಟ್ಟುಕೊಂಡಿದ್ದರೆ ಯೆಶಾಯನ ಸೇವೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಏಳನೆಯ ಹೆಜ್ಜೆ: ಸೇವೆಯ ನಡುವೆ ಮತ್ತೆ ಕೇಳುವುದು

ಮಾರ್ಥಳು ತಪ್ಪು ಕೆಲಸವನ್ನೇನೂ ಮಾಡುತ್ತಿರಲಿಲ್ಲ. ಕರ್ತನನ್ನೇ ಮನೆಗೆ ಕರೆದು ಆತನಿಗಾಗಿಯೇ ದುಡಿಯುತ್ತಿದ್ದಳು. ಆದರೆ ಆ ದುಡಿಮೆಯ ನಡುವೆ, ಆತನ ಮಾತು ಕೇಳುತ್ತಾ ಕುಳಿತಿದ್ದ ಸಹೋದರಿ ಮರಿಯಳ ವಿಷಯದಲ್ಲಿ ಕರ್ತನಿಗೇ ಆಜ್ಞೆ ಕೊಡುವ ಮಟ್ಟಿಗೆ ಬಂದಳು: ನನಗೆ ನೆರವಾಗಬೇಕೆಂದು ಅವಳಿಗೆ ಹೇಳು. ಸೇವೆ ಮಾಡುವಾಗ ಇತರರ ಮೇಲೆ ಗೊಣಗಾಟ ಹೆಚ್ಚಾದರೆ, ಕಿವಿ ಮಂದವಾಗುತ್ತಿದೆಯೆಂದು ತಿಳಿಯಿರಿ. ಆಗ ಮಾಡಬೇಕಾದದ್ದು ಎರಡನೆಯ ಹೆಜ್ಜೆಗೆ ಹಿಂದಿರುಗುವುದು. ಹೊರೆಯೇ ಮಿತಿಮೀರಿದ್ದರೆ ಅದನ್ನು ಹಂಚಿಕೊಳ್ಳಬೇಕು. ಮುಂಜಾನೆಯಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋನನು, ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದು ಹೇಳಿ ಕೆಲಸವನ್ನು ಹಂಚಿಕೊಡುವ ಕ್ರಮವನ್ನು ಕಲಿಸಿದನು. ಆ ದಿನ ದೇವರ ಮಾತು ಮೋಶೆಗೆ ಬಂದದ್ದು ಮಾವನ ಬಾಯಿಂದ. ಹೊಸ ಜವಾಬ್ದಾರಿಯೊಂದು ಬಂದಾಗ ‘ಪ್ರಾರ್ಥಿಸಿ ಒಂದು ವಾರದಲ್ಲಿ ತಿಳಿಸುತ್ತೇನೆ’ ಎಂದು ಹೇಳಿ, ನಿಜವಾಗಿಯೂ ಪ್ರಾರ್ಥಿಸಿ, ಅಗತ್ಯವಿದ್ದರೆ ಆಗುವುದಿಲ್ಲ ಎಂದು ಹೇಳುವುದೂ ವಿಧೇಯತೆಯ ಒಂದು ಭಾಗ.

ಬಿದ್ದವರಿಗೆ ಒಂದು ಮಾತು. ಪೌಲನ ಮೊದಲ ಪ್ರಯಾಣದಲ್ಲಿ ಮಾರ್ಕನೆನಿಸಿಕೊಳ್ಳುವ ಯೋಹಾನನು ಪಂಫುಲ್ಯದ ಪೆರ್ಗದಿಂದ ಯೆರೂಸಲೇಮಿಗೆ ಹಿಂದಿರುಗಿಬಿಟ್ಟನು. ಅವನ ವಿಷಯದಲ್ಲಿಯೇ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣವಾದ ವಾಗ್ವಾದ ನಡೆದು ಅವರಿಬ್ಬರೂ ಅಗಲಿದರು. ವರ್ಷಗಳ ಅನಂತರ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತನಾಗಿದ್ದಾನೆ ಎಂದನು. ನೀವು ಹಿಂದೆ ಒಪ್ಪಿಕೊಂಡು ನಡುದಾರಿಯಲ್ಲಿ ಬಿಟ್ಟ ಸೇವೆಯೊಂದಿದ್ದರೆ, ದೇವರಿಂದ ಹೊಸ ಮಾತು ಬರಲೆಂದು ಕಾಯುವ ಮುಂಚೆ ಆ ಹಳೆಯ ಮಾತಿನ ಬಳಿಗೆ ಹಿಂದಿರುಗಿರಿ. ಅದನ್ನು ನಡೆಸುತ್ತಿರುವವರಿಗೆ ಈ ವಾರವೇ ಫೋನ್ ಮಾಡಿ, ಬಿಟ್ಟುಹೋದದ್ದಕ್ಕೆ ಕ್ಷಮೆ ಕೇಳಿ, ಈಗ ಅಲ್ಲಿ ಯಾವ ಕೆಲಸಕ್ಕೆ ಕೈ ಬೇಕಾಗಿದೆಯೆಂದು ವಿಚಾರಿಸಿರಿ.